ಬಸ್ಸು ಬರುತ್ತೆ, ಕೂತ್ಕೊಳ್ಳಿ

ನಮ್ಮಪ್ಪನ ಕತ್ತು ಎಡಕ್ಕೆ ವಾಲಿತ್ತು. ಜಾಸ್ತಿಯೇನಲ್ಲ, ಗೋಡೆಯ ಕ್ಯಾಲೆಂಡರು ಗಾಳಿಗೆ ಸರಿದು ನಿಂತರೆ ಎಷ್ಟು ವಾಲುತ್ತದೋ ಅಷ್ಟು. ನಮ್ಮ ಮನೆಯ ಯಾವ ಫೋಟೋ ತೆಗೆದು ನೋಡಿ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅಪ್ಪನೊಬ್ಬ ಚೌಕಟ್ಟಿನಾಚೆ ಎಡಗಡೆ ನೋಡುತ್ತಿದ್ದಾನೆ, ಬರಬೇಕಾದದ್ದು ಏನೋ ಇನ್ನೂ ಬಂದಿಲ್ಲ ಎನ್ನುವ ಹಾಗೆ. ನನ್ನ ಧಾರೆಯ ಫೋಟೋದಲ್ಲಂತೂ ನೀರೆರೆಯುವ ಕೈ ಒಂದು ಕಡೆ, ಮುಖ ಛತ್ರದ ಬಾಗಿಲ ಕಡೆ. ಫೋಟೋಗ್ರಾಫರ್ "ಸಾರ್, ಇಲ್ಲಿ, ಇಲ್ಲಿ" ಎಂದು ಚಿಟಿಕೆ ಹೊಡೆದೂ ಹೊಡೆದೂ ಸುಸ್ತಾಗಿ ಕೊನೆಗೆ ಅಮ್ಮನನ್ನೇ ಕೇಳಿದ, "ಇನ್ನೂ ಯಾರಾದ್ರೂ ಬರೋರು ಅವ್ರಾ ಅಮ್ಮಾ?"

"ಇಪ್ಪತ್ನಾಲ್ಕು ವರ್ಷದಿಂದ ನಾನೂ ಅದನ್ನೇ ಕೇಳ್ತಾ ಇದೀನಿ ಕಣಪ್ಪ" ಅಂದಳು ಅಮ್ಮ.

ಅಪ್ಪ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಂದ ಬಸ್ಸು, ಹೊರಟ ಬಸ್ಸುಗಳ ಹೊತ್ತನ್ನು ಹಾಳೆಯಲ್ಲಿ ಬರೆಯುವುದು, ಡ್ರೈವರು ಕಂಡಕ್ಟರುಗಳನ್ನು ಟೀ ಅಂಗಡಿಯಿಂದ ಎಬ್ಬಿಸಿ ಹೊರಡಿಸುವುದು, ಕಿಟಕಿಗೆ ಮುತ್ತಿದ ಜನಕ್ಕೆ ಉತ್ತರ ಹೇಳುವುದು, ಇಷ್ಟು ಅವನ ಕೆಲಸ. ಬಸ್ಸುಗಳು ಒಳಗೆ ಬರುವ ತಿರುವು ಆ ಕಿಟಕಿಯ ಎಡಕ್ಕಿತ್ತು. ಇಪ್ಪತ್ತಾರು ವರ್ಷ ಆ ತಿರುವನ್ನೇ ನೋಡಿ ನೋಡಿ ಕತ್ತು ಹಾಗೇ ನಿಂತುಬಿಟ್ಟಿದೆ ಎಂದು ಮನೆಯವರು, ನೆಂಟರು, ಡ್ರೈವರುಗಳು ಎಲ್ಲ ನಂಬಿದ್ದೆವು.

ಆ ಕಿಟಕಿಯ ಹಿಂದೆ ಕೂತ ಅಪ್ಪನನ್ನು ನೀವು ನೋಡಬೇಕಿತ್ತು. ಮದುವೆ ಸೀಸನ್ನು, ಸಂತೆ ದಿನ, ಏನೇ ಇರಲಿ. "ಸಾರ್, ಚಿಕ್ಕಮಗಳೂರು ಬಸ್ ಐತೋ ಇಲ್ವೋ ಒಂದು ಮಾತು ಹೇಳ್ಬುಡಿ, ನಮ್ಮತ್ತೆ ಆಸ್ಪತ್ರೇಲಿ ಅವ್ಳೆ" ಎಂದು ಒಬ್ಬ ಕಿಟಕಿಯ ಸರಳು ಹಿಡಿದು ಅಲ್ಲಾಡಿಸುತ್ತಿರುತ್ತಾನೆ. ಅಪ್ಪ ಹಾಳೆಯಿಂದ ತಲೆ ಎತ್ತುತ್ತಿರಲಿಲ್ಲ. "ಬಸ್ಸು ಬರುತ್ತೆ, ಕೂತ್ಕೊಳ್ಳಿ" ಅನ್ನುತ್ತಿದ್ದ. ಅಷ್ಟೆ. ಆ ದನಿಯಲ್ಲಿ ಏನಿತ್ತೋ ನಾ ಕಾಣೆ, ಆ ಮನುಷ್ಯ ಸರಳು ಬಿಟ್ಟು ಹೋಗಿ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದ. ಕುಡಿದು ಬಂದವರೂ ಕೂರುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅಪ್ಪ ಒಂದು ನಿಯಮ ಹೇಳಿಕೊಡುತ್ತಿದ್ದ: ಬಸ್ಸು ತಡವಾದರೆ ಅರ್ಧ ಗಂಟೆಯವರೆಗೆ ಫೋನು ಮುಟ್ಟಬಾರದು. "ಅರ್ಧ ಗಂಟೆ ತಡ ತಡವೇ ಅಲ್ಲ ಕಣ್ರೀ. ರಸ್ತೆ ಅಂದ್ಮೇಲೆ ದನ ಅಡ್ಡ ಬರುತ್ತೆ, ದಿಬ್ಬಣ ಅಡ್ಡ ಬರುತ್ತೆ. ಬಸ್ಸಿಗೂ ಒಂದು ಮರ್ಯಾದೆ ಕೊಡಬೇಕು."

ಬಸ್ಸಿಗೆ ಕೊಡುತ್ತಿದ್ದ ಮರ್ಯಾದೆಯನ್ನು ಮನೆಯವರಿಗೆ ಕೊಡಬೇಕು ಅಂತ ಮಾತ್ರ ಅವನಿಗೆ ಯಾವತ್ತೂ ಹೊಳೆಯಲಿಲ್ಲ.

ಅಮ್ಮ ತರಕಾರಿಗೆ ಹೋಗಿ ಐದು ನಿಮಿಷ ತಡವಾದರೆ ಅಪ್ಪ ಬೀದಿಯ ತುದಿಯಲ್ಲಿ. ನಾನು ಸ್ನಾನಕ್ಕೆ ಹೋಗಿ ಹತ್ತು ನಿಮಿಷವಾದರೆ ಬಚ್ಚಲ ಬಾಗಿಲಲ್ಲಿ ಟಕ ಟಕ. "ಏನ್ಮಾಡ್ತಿದೀಯಮ್ಮಾ?" ಬಚ್ಚಲಲ್ಲಿ ಏನು ಮಾಡುತ್ತಾರೆ! ಉತ್ತರ ಕೊಡದಿದ್ದರೆ ಮತ್ತೆ ಟಕ ಟಕ. ಉತ್ತರ ಕೊಟ್ಟರೆ, "ಯಾಕೆ ದನಿ ಒಂಥರಾ ಇದೆ?" ಭಯ ಅನ್ನುವ ಮಾತನ್ನು ಅವನ ಮುಂದೆ ಎತ್ತುವ ಹಾಗಿರಲಿಲ್ಲ. "ನಂಗೇನ್ ಭಯ? ಕಾಳಜಿ" ಅನ್ನುತ್ತಿದ್ದ. "ನಿಮ್ಮಪ್ಪನಿಗೆ ಯೋಚನೆ ಮಾಡೋಕೆ ಏನೂ ಇಲ್ದೆ ಹೋದ್ರೆ, ಯಾಕಿಲ್ಲ ಅನ್ನೋದೇ ಒಂದು ಯೋಚನೆ" ಎಂದು ಅಮ್ಮ ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು.

ಒಂದು ವಿಷಯ ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ನನಗೆ ಬಸ್ಸಿನಲ್ಲಿ ವಾಂತಿ ಬರುತ್ತಿರಲಿಲ್ಲ. ಕಂಟ್ರೋಲರ್ ಮಗಳು, ಡೀಸೆಲ್ ವಾಸನೆಯಲ್ಲೇ ಬೆಳೆದವಳು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಟೀಚರ್ ಟ್ರೈನಿಂಗಿಗೆ ಅಂತ ಅರಸೀಕೆರೆಗೆ ಸೇರಿದೆ. ಸೋಮವಾರ ಬೆಳಿಗ್ಗೆ ಬೇಲೂರು ಬಿಟ್ಟು, ಹಳೇಬೀಡು, ಜಾವಗಲ್ ಮೇಲೆ ಅರಸೀಕೆರೆ, ವಾರವೆಲ್ಲ ಹಾಸ್ಟೆಲ್ಲು, ಶನಿವಾರ ವಾಪಸ್ಸು. ಮೊದಲ ಸೋಮವಾರ ಅಪ್ಪ ನನ್ನನ್ನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿ, ಕೈಗೆ ಒಂದು ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಕವರು ಕೊಟ್ಟು, "ವಾಂತಿ ಬಂದ್ರೆ ಹೆದರ್ಕೋಬೇಡ" ಅಂದ. ಅಲ್ಲಿಯವರೆಗೆ ನನಗೆ ವಾಂತಿಯ ಯೋಚನೆಯೇ ಇರಲಿಲ್ಲ. ಆ ಕವರಿನ ಸರಪರ ಸದ್ದು ಕೇಳುತ್ತಾ ಕೂತವಳಿಗೆ ಹಳೇಬೀಡು ಬರುವಷ್ಟರಲ್ಲಿ ಬಾಯಲ್ಲಿ ನೀರು ಊರತೊಡಗಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಬಸ್ ಡ್ರೈವರುಗಳಿಗೆ ಒಂದು ಪದ್ಧತಿ. ಎದುರು ಬದುರು ಎರಡು ಬಸ್ಸು ಬಂದರೆ ರಸ್ತೆ ಮಧ್ಯವೇ ನಿಲ್ಲಿಸಿ, ಕಿಟಕಿಗೆ ಕಿಟಕಿ ಕೂಡಿಸಿ ಒಂದೆರಡು ಮಾತಾಡಿ ಮುಂದೆ ಹೋಗುತ್ತಾರೆ. ಯಾರ ಡ್ಯೂಟಿ ಬದಲಾಯಿತು, ಎಲ್ಲಿ ಸೇತುವೆ ಕೆಲಸ ನಡೀತಿದೆ, ಇಂಥದ್ದು. ಅಪ್ಪ ಈ ಪದ್ಧತಿಯನ್ನು ನನ್ನ ಹೊಟ್ಟೆಯ ಸಮಾಚಾರಕ್ಕೆ ಬಳಸಿಕೊಂಡ. ಎರಡನೆಯ ಸೋಮವಾರ ಜಾವಗಲ್ ಹತ್ತಿರ ಬಸ್ಸು ನಿಂತಿತು. ಎದುರಿನಿಂದ ಬಂದ ಡ್ರೈವರು ತಲೆ ಹೊರಗೆ ಹಾಕಿ ನಮ್ಮ ಬಸ್ಸಿನ ಐವತ್ತು ಜನಕ್ಕೂ ಕೇಳುವ ಹಾಗೆ ಕೂಗಿದ:

"ಲೋ, ಕಂಟ್ರೋಲರ್ ಮಗ್ಳು ಅವ್ಳೇನ್ಲಾ ನಿನ್ ಗಾಡೀಲಿ? ವಾಂತಿ ಆಯ್ತಾ ಕೇಳ್ಕಂಡ್ ಬಾ ಅಂದವ್ರೆ!"

ನಮ್ಮ ಡ್ರೈವರು ತಿರುಗಿದ. ಕಂಡಕ್ಟರು ತಿರುಗಿದ. ಬಸ್ಸೇ ತಿರುಗಿತು. ಹಿಂದಿನ ಸೀಟಿನ ಮುದುಕಿ, "ಪಾಪ, ಎಷ್ಟ್ ತಿಂಗ್ಳವ್ವಾ?" ಅಂದಳು.

"ಇನ್ನೂ ಆಗಿಲ್ಲ ಅಂತ ಹೇಳ್ಬುಡಣ್ಣ!" ಎಂದು ನಮ್ಮ ಕಂಡಕ್ಟರು ಉತ್ತರ ಕಳಿಸಿದ. ಆ 'ಇನ್ನೂ' ಎಂಬ ಮಾತನ್ನು ಕೇಳಿದ ಕೂಡಲೇ ನನಗೆ ಆಯಿತು.

ಅಲ್ಲಿಂದ ಎರಡು ವರ್ಷ ಪ್ರತಿ ಸೋಮವಾರ ಆಗುತ್ತಲೇ ಹೋಯಿತು. ಅಪ್ಪ ಕೇಳುತ್ತಾನೆ ಅಂತ ಆಗುತ್ತಿತ್ತೋ, ಆಗುತ್ತದೆ ಅಂತ ಅಪ್ಪ ಕೇಳುತ್ತಿದ್ದನೋ, ಅದು ನಮ್ಮಿಬ್ಬರ ನಡುವೆ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಒಮ್ಮೆ ನನಗೆ ಪಾಠ ಮಾಡಿ ತೋರಿಸುವ ಪರೀಕ್ಷೆ. ನಲವತ್ತು ಮಕ್ಕಳು, ಹಿಂದಿನ ಬೆಂಚಿನಲ್ಲಿ ಪರೀಕ್ಷಕರು. ಎಲೆಯ ಭಾಗಗಳನ್ನು ಹೇಳಿಕೊಡುತ್ತಿದ್ದೆ. ಮಕ್ಕಳೆಲ್ಲ ಕಿಟಕಿ ಕಡೆ ನೋಡಿ ನಗತೊಡಗಿದವು. ನೋಡಿದರೆ ಕಿಟಕಿಯಲ್ಲಿ ಎಡಕ್ಕೆ ವಾಲಿದ ಒಂದು ಮುಖ, ಪಕ್ಕದಲ್ಲಿ ಒಂದು ಎಳನೀರು. ಬೆಳಿಗ್ಗೆ ನನಗೆ ಎರಡು ಸಲ ವಾಂತಿಯಾಯಿತೆಂಬ ಸುದ್ದಿ ಎದುರು ಬಸ್ಸಿನಲ್ಲಿ ಬೇಲೂರು ಮುಟ್ಟಿ, ಅಪ್ಪ ರಜೆ ಹಾಕಿ ಮುಂದಿನ ಬಸ್ಸು ಹತ್ತಿ ಬಂದಿದ್ದ. ನಾನು ತೊಟ್ಟು ತೋರಿಸಬೇಕಾದಲ್ಲಿ ತುದಿ ತೋರಿಸಿದೆ. ಪರೀಕ್ಷಕರು "ಯಾರಮ್ಮ ಅದು?" ಅಂದರು. "ಗೊತ್ತಿಲ್ಲ ಸಾರ್" ಅಂದೆ. ಅಪ್ಪ ಅದನ್ನು ಕೇಳಿಸಿಕೊಂಡ. ಎಳನೀರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದ. ಶನಿವಾರ ಮನೆಗೆ ಹೋದಾಗ ಆ ವಿಷಯ ಎತ್ತಲಿಲ್ಲ. "ಎಳನೀರು ಕುಡಿದ್ಯಾ?" ಅಂತಷ್ಟೇ ಕೇಳಿದ.

ನನಗೆ ಮಗಳು ಹುಟ್ಟಿದಾಗ ಶಪಥ ಮಾಡಿದೆ. ಈ ಮಗುವನ್ನು ನಾನು ಹಾಗೆ ಬೆಳೆಸುವುದಿಲ್ಲ, ಏನನ್ನೂ ಕೇಳುವುದಿಲ್ಲ, ಬಚ್ಚಲ ಬಾಗಿಲು ತಟ್ಟುವುದಿಲ್ಲ ಅಂತ. ಆಗ ನಾನು ಹಳೇಬೀಡಿನ ಪಕ್ಕದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು, ಮನೆ ಹಳೇಬೀಡಿನಲ್ಲೇ. ಗಂಡ ಲೈನ್‌ಮನ್ನು, ಕರೆಂಟು ಕಂಬ ಹತ್ತುವವನು. ಅವನು ಕಂಬ ಹತ್ತುತ್ತಾನೆ ಅನ್ನುವ ಒಂದೇ ಕಾರಣಕ್ಕೆ ನನ್ನ ಶಪಥ ಮೊದಲ ತಿಂಗಳಲ್ಲೇ ಅರ್ಧ ಸತ್ತಿತು. ಗಾಳಿ ಬೀಸಿದರೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮಗು ನನ್ನ ಎದೆಗೆ ಕಿವಿ ಹಚ್ಚಿಕೊಂಡೇ ಇರುತ್ತಿತ್ತು. ಒಳಗೆ ಏನು ಕೇಳಿಸಿಕೊಳ್ಳುತ್ತಿತ್ತೋ.

ಮಗಳು ನಾಲ್ಕನೇ ಕ್ಲಾಸು ಮುಗಿಸಿ ಬೇಲೂರಿನ ಒಂದು ಶಾಲೆಗೆ ಸೇರಬೇಕೆಂದು ಹಟ ಹಿಡಿದಳು. ಅಲ್ಲಿ ಖೋ ಖೋ ಟೀಮಿತ್ತು. ಓಡುವುದೆಂದರೆ ಅವಳಿಗೆ ಊಟ ಬೇಡ. ಬೇಲೂರು ದೂರವೇನಲ್ಲ, ಅರ್ಧ ಗಂಟೆಯೂ ಹಿಡಿಯದ ದಾರಿ. ಜೊತೆಗೆ ಅಲ್ಲಿ ತಾತ ಇದ್ದಾರೆ. ತಾತ ಇದ್ದಾರೆ ಎಂಬುದೇ ತೊಂದರೆ ಎಂದು ನನಗೆ ಹೊಳೆಯಬೇಕಿತ್ತು. ಅಪ್ಪ ಅಷ್ಟರಲ್ಲಿ ರಿಟೈರಾಗಿದ್ದ. ಕೆಲಸವಿಲ್ಲದ ಕತ್ತು ಎಡಕ್ಕೆ ಇನ್ನಷ್ಟು ವಾಲಿತ್ತು. ಬೆಳಿಗ್ಗೆ ಈ ಕಡೆಯಿಂದ ನಾನು ಹತ್ತಿಸುವುದು, ಆ ಕಡೆ ಅಪ್ಪ ಇಳಿಸಿಕೊಳ್ಳುವುದು ಎಂದು ಏರ್ಪಾಡಾಯಿತು. ಎರಡೂ ತುದಿಗೆ ಇಬ್ಬರು ಕಾವಲು.

ಜೂನ್ ಚೆನ್ನಾಗಿ ಹೋಯಿತು. ಜುಲೈನಲ್ಲಿ ಮಗಳಿಗೆ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಹಿಡಿದರೆ ಬಸ್ಸು ಹೋಗುವವರೆಗೆ. ಬಸ್ಸು ಹೋದ ಮೇಲೆ ಎರಡು ದೋಸೆ ತಿನ್ನುತ್ತಿದ್ದಳು. ಬಲವಂತವಾಗಿ ಹತ್ತಿಸಿದ ದಿನ ದಾರಿಯಲ್ಲಿ ವಾಂತಿ. ಆಗಸ್ಟ್ ಹೊತ್ತಿಗೆ ವಾರಕ್ಕೆ ಮೂರು ದಿನ ರಜೆ. ಶಾಲೆಯ ಹೆಡ್ ಮೇಡಂ ಕರೆಸಿ, "ಹೀಗಾದ್ರೆ ಹಾಜರಾತಿ ಸಾಲಲ್ಲ. ದಸರಾ ರಜದೊಳಗೆ ಸರಿ ಹೋಗ್ಲಿಲ್ಲಾಂದ್ರೆ ವಾಪಸ್ ನಿಮ್ಮೂರ ಸ್ಕೂಲಿಗೇ ಸೇರಿಸ್ಕೊಳ್ಳಿ" ಅಂದರು. ಮಗಳು ಹೊರಗೆ ನಿಂತು ಮೈದಾನದಲ್ಲಿ ಓಡುವ ಹುಡುಗಿಯರನ್ನು ನೋಡುತ್ತಿದ್ದಳು. ದಾರಿಯಲ್ಲಿ "ನಂಗೆ ಬರ್ಬೇಕು ಅಂತ ಆಸೆ ಇದೆ ಅಮ್ಮ, ಹೊಟ್ಟೆ ಬೇಡ ಅನ್ನುತ್ತೆ" ಎಂದು ಅತ್ತಳು. ಹತ್ತು ವರ್ಷದ ಮಗು. ಆ ಹೊಟ್ಟೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾರನೆಯ ದಿನ ಅವಳ ಬ್ಯಾಗಿಗೆ ದೊಡ್ಡದೊಂದು ನಿಂಬೆಹಣ್ಣು ಹಾಕಿದೆ.

ಬೇಲೂರಿನಲ್ಲಿ ನಮಗೆಲ್ಲ ಔಷಧಿ ಕೊಡುತ್ತಿದ್ದ ಒಬ್ಬರು ವಯಸ್ಸಾದ ಡಾಕ್ಟರು. ನಾನು, ಅಪ್ಪ ಇಬ್ಬರೂ ಮಗಳನ್ನು ಕರೆದುಕೊಂಡು ಹೋದೆವು. ಹೊಟ್ಟೆ ಒತ್ತಿ ನೋಡಿದರು. "ಭಾನುವಾರ ನೋಯುತ್ತಾ ಪುಟ್ಟಿ?" ಇಲ್ಲ. "ರಜದಲ್ಲಿ?" ಇಲ್ಲ. "ಬಸ್ ಹತ್ತೋವಾಗ ಅಮ್ಮ ಏನ್ ಹೇಳ್ತಾಳೆ?"

ಮಗಳು ಬೆರಳು ಮಡಚುತ್ತಾ, ನನ್ನದೇ ರಾಗದಲ್ಲಿ ಒಪ್ಪಿಸಿದಳು. "ಮುಂದಿನ ಸೀಟಲ್ಲೇ ಕೂರು. ಕೈ ಹೊರಗೆ ಹಾಕ್ಬೇಡ. ಯಾರ್ ಏನ್ ಕೊಟ್ರೂ ತಿನ್ಬೇಡ. ಡ್ರೈವರ್ ತೂಕಡಿಸ್ತಿದಾನಾ ನೋಡ್ತಾ ಇರು. ನಿಂಬೆಹಣ್ಣು ಮೂಸ್ತಾ ಇರು. ವಾಂತಿ ಬಂದ್ರೆ ಕವರ್ ಇದೆ. ಏನೂ ಆಗಲ್ಲ, ಹೆದರ್ಕೋಬೇಡ."

"ತಾತ ಏನ್ ಹೇಳ್ತಾರೆ?"

"ತಾತ ಏನೂ ಹೇಳಲ್ಲ. ಇಳಿದ ತಕ್ಷಣ ಕೇಳ್ತಾರೆ, ಆಯ್ತಾ ಅಂತ."

ಡಾಕ್ಟರು ಸ್ಟೆತಾಸ್ಕೋಪು ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಕೇಳಿ ನಂಗೇ ಹೊಟ್ಟೆ ತೊಳೆಸ್ತಾ ಇದೆ ಕಣ್ರೀ" ಅಂದರು. ಮಗಳನ್ನು ಹೊರಗೆ ಕಳಿಸಿ ನಮ್ಮಿಬ್ಬರನ್ನೂ ನೋಡಿದರು. "ಮಕ್ಕಳು ಮಾತು ಕೇಳಲ್ಲಮ್ಮ, ಮುಖ ನೋಡ್ತವೆ. ಏನೂ ಆಗಲ್ಲ ಅಂತ ಬಾಯಿ ಹೇಳ್ತಿರುತ್ತೆ, ಮುಖ ನೋಡಿದ್ರೆ ಆಗ್ಲೇ ಬಸ್ಸು ಬಿದ್ದಿರುತ್ತೆ. ಔಷಧಿ ಮಗೂಗಲ್ಲ, ನಿಮಗಿಬ್ಬರಿಗೆ. ಒಬ್ಬಳೇ ಹತ್ತಲಿ, ಒಬ್ಬಳೇ ಇಳಿದು ಸ್ಕೂಲಿಗೆ ಹೋಗಲಿ. ಒಂದು ತಿಂಗಳು ಏನೂ ಕೇಳಬೇಡಿ."

ಮಗಳನ್ನು ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆವು. ಅಪ್ಪ ಶುರುಮಾಡಿದ: "ಆ ಡಾಕ್ಟ್ರಿಗೆ ವಯಸ್ಸಾಯ್ತು. ಕಾಳಜಿಗೂ ಭಯಕ್ಕೂ..."

ನಾನು ಸಿಡಿದೆ. ಬಸ್ ಸ್ಟ್ಯಾಂಡು ಅಂತಲೂ ನೋಡಲಿಲ್ಲ. "ಸಾಕು ಮಾಡಪ್ಪಾ! ಜಾವಗಲ್ ರೋಡಲ್ಲಿ ಬಸ್ ನಿಲ್ಲಿಸಿ ಐವತ್ತು ಜನದ ಮುಂದೆ ನನ್ನ ಹೊಟ್ಟೆ ವಿಚಾರಿಸ್ದೆ. ನಿನ್ನಿಂದ ನಾನು ಹೀಗಾದೆ. ನನ್ನಿಂದ ಅವಳು ಹೀಗಾಗ್ತಿದಾಳೆ. ಊರಿನೋರಿಗೆಲ್ಲ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತೀಯಲ್ಲ, ಒಂದು ದಿನ ನಂಗೆ ಹೇಳಿದೀಯಾ?"

ಪಕ್ಕದಲ್ಲಿ ಕೋಳಿ ಹಿಡಿದು ಕೂತಿದ್ದ ಹೆಂಗಸು ಎದ್ದು ಆಚೆ ಬೆಂಚಿಗೆ ಹೋದಳು. ಅಪ್ಪ, ತಿರುವಿನ ಕಡೆ ನೋಡುತ್ತಲೇ, ಯಾರದೋ ವಿಷಯ ಹೇಳುವ ಹಾಗೆ ಹೇಳಿದ.

ಅವನ ಊರು ಹಗರೆ. ಅವನ ಅಪ್ಪ ದನದ ವ್ಯಾಪಾರ ಮಾಡುತ್ತಾ ಸಂತೆಯಿಂದ ಸಂತೆಗೆ ಹೋಗುವವನು. ಹೋದರೆ ಯಾವಾಗ ಬರುತ್ತಾನೆಂದು ಗೊತ್ತಿಲ್ಲ. ಅವನು ಹೋದ ಮಾರನೆಯ ದಿನದಿಂದ ಅಪ್ಪನ ಅವ್ವ, ಅಂದರೆ ನನ್ನಜ್ಜಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಒಲೆ ಹಚ್ಚುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ, ಮಾತಿಲ್ಲ. ಆಗಾಗ ಗೋಡೆಗೇ ಹೇಳಿದ ಹಾಗೆ ಒಂದೇ ಮಾತು: "ಬಂದ್ರಾ ನೋಡ್ಲಾ." ಆರು ವರ್ಷದ ನನ್ನಪ್ಪ ಹೊರಗೆ ಬಂದು ಜಗುಲಿಯ ಕಂಬ ಹಿಡಿದು ನಿಲ್ಲುತ್ತಿದ್ದ. ರಸ್ತೆ ಅವರ ಮನೆಯ ಎಡಕ್ಕೆ.

"ನಾನು ಸರಿಯಾಗಿ ನೋಡ್ತಾ ನಿಂತ್ರೆ ಅಪ್ಪ ಬೇಗ ಬರ್ತಾನೆ ಅನ್ಕೊಂಡಿದ್ದೆ. ಕಣ್ಣು ಆಚೀಚೆ ಮಾಡಿದ್ರೆ ಬರಲ್ಲ ಅಂತ. ಬಂದ್ಮೇಲೆ ಅವ್ವ ಎದ್ದು ಒಲೆ ಹಚ್ಚೋಳು. ನಾನು ನೋಡಿದ್ದಕ್ಕೇ ಎದ್ಲು ಅಂತ ನಂಗೆ." ಕೊನೆಗೆ ಹೇಳಿದ, "ನಾನು ಕಂಟ್ರೋಲರ್ ಆಗಿದ್ದು ಆರನೇ ವಯಸ್ಸಿಗೇ ಕಣಮ್ಮ. ಸಂಬಳ ಶುರುವಾಗಿದ್ದು ಆಮೇಲೆ."

ಅಂದರೆ ಕತ್ತು ಕೆಲಸದಿಂದ ವಾಲಿದ್ದಲ್ಲ. ವಾಲಿದ ಕತ್ತಿಗೆ ಸರಿಯಾದ ಕೆಲಸ ಸಿಕ್ಕಿತ್ತು.

ನನಗೆ ಕರುಣೆ ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಕೋಪ. ಬಯ್ಯುವುದಕ್ಕೆ ಒಬ್ಬ ಅಪ್ಪನನ್ನು ಮೂವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಈಗ ನೋಡಿದರೆ ಅವನ ಹಿಂದೆ ಕಂಬ ಹಿಡಿದ ಒಂದು ಮಗು. ಆ ಮಗುವನ್ನು ಹೇಗೆ ಬಯ್ಯುವುದು? ಗೋಡೆ ಕಡೆ ತಿರುಗಿ ಮಲಗಿದ ಅಜ್ಜಿಯನ್ನು ಬಯ್ಯೋಣವೆಂದರೆ ಅವಳ ಹಿಂದೆ ಇನ್ಯಾರಿದ್ದಾರೋ. "ಇದನ್ನ ಮೊದಲೇ ಹೇಳೋಕೇನಾಗಿತ್ತು?" ಅಂದೆ.

"ಕೇಳಿದ್ರೆ ನೀನು ಯೋಚನೆ ಮಾಡ್ಕೋತಿದ್ದೆ" ಅಂದ!

ಹೊರಡುವಾಗ ಅವನೇ ಒಂದು ಮಾತು ಹೇಳಿದ. "ಮಗೂನ ಬಸ್ಸಿನ ಥರ ನೋಡೋಣ. ಬಸ್ಸಿನ ವಿಷಯದಲ್ಲಿ ನಾನು ಯಾವತ್ತೂ ತಪ್ಪಿಲ್ಲ. ಅರ್ಧ ಗಂಟೆ ಫೋನ್ ಮುಟ್ಟಬಾರದು. ಕಿಟಕಿಯಾಚೆ ಹೋಗಿ ನಿಲ್ಲಬಾರದು. ನೀನೂ ಅಷ್ಟೆ." ಸರಿ ಅಂದೆ. ಸುಳ್ಳೇ ಅಂದೆ.

ಸೋಮವಾರ ಬಂತು. ಬಸ್ ಸ್ಟಾಪಿನಲ್ಲಿ ಮಗಳನ್ನು ಕೂರಿಸಿ ಹೇಳಿದೆ: ಇವತ್ತಿಂದ ನೀನೇ ಹತ್ತು, ನೀನೇ ಇಳಿ, ನಡೆದುಕೊಂಡು ಸ್ಕೂಲಿಗೆ ಹೋಗು, ತಾತ ಬರುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಅವಳು ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಡಾಕ್ಟರ ಮಾತು ನೆನಪಾಗಿ ನಾನು ಮುಖವನ್ನು ಏನು ಮಾಡಬೇಕೆಂದು ತಿಳಿಯದೆ ಪಕ್ಕದ ಅಂಗಡಿಯ ಬಾಳೆಗೊನೆ ನೋಡುತ್ತಾ ನಿಂತೆ. ನಿಂಬೆಹಣ್ಣು ನನ್ನ ಮುಷ್ಟಿಯಲ್ಲೇ ಇತ್ತು, ಕೊಡಲಿಲ್ಲ. ಎಂಟೂ ಹತ್ತಕ್ಕೆ ಬಸ್ಸು ಹೊರಟಿತು.

ಎಂಟು ಮೂವತ್ತೈದಕ್ಕೆ ಅದು ಬೇಲೂರು ತಲುಪಬೇಕು. ಎಂಟು ನಲವತ್ತೈದಕ್ಕೆ ನಾನು ಎಸ್‌ಟಿಡಿ ಬೂತಿನಲ್ಲಿದ್ದೆ. ಕಂಟ್ರೋಲರ್ ಕೋಣೆಯ ನಂಬರು ನನಗೆ ಹುಟ್ಟಿದ ದಿನಾಂಕದ ಹಾಗೆ ಬಾಯಿಪಾಠ. ಫೋನೆತ್ತಿದ್ದು ಅಪ್ಪನೇ. ಹೊಸ ಕಂಟ್ರೋಲರು ಅವನ ಶಿಷ್ಯ. ಕುರ್ಚಿ ಕೊಟ್ಟು ತಾನು ಬಸ್ಸು ಹೊರಡಿಸಲು ಆಚೆ ಹೋಗಿದ್ದನಂತೆ.

"ಅಪ್ಪಾ, ಬಂತಾ?"

"ಇಲ್ಲ."

"ಹತ್ತು ನಿಮಿಷ ಆಯ್ತಪ್ಪಾ! ಯಾರನ್ನಾದ್ರೂ ಕೇಳು, ಎದುರು ಬಂದ ಬಸ್ಸಿನೋರನ್ನ ಕೇಳು, ನಾನು ಇಲ್ಲಿಂದ ಆಟೋ ಮಾಡ್ಕೊಂಡು ಹಿಂದೇನೇ..."

ಆ ಕಡೆ ಉಸಿರು ಮಾತ್ರ ಕೇಳಿಸುತ್ತಿತ್ತು. ಜೋರಾದ ಉಸಿರು. ನನಗೆ ಚೆನ್ನಾಗಿ ಗೊತ್ತಿದ್ದ ಉಸಿರು. ಬಚ್ಚಲ ಬಾಗಿಲಾಚೆ ನಿಂತ ಉಸಿರು. ಈಗ ಇವನೂ ಶುರುಮಾಡುತ್ತಾನೆ, ಇಬ್ಬರೂ ಸೇರಿ ಓಡುತ್ತೇವೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ.

"ಬಸ್ಸು ಬರುತ್ತೆ" ಅಂದ ಅಪ್ಪ. "ಕೂತ್ಕೋ."

ಫೋನಿಟ್ಟ.

ಆ ದನಿಯನ್ನು ನಾನು ಬಾಲ್ಯದಿಂದ ಕೇಳಿದ್ದೆ, ಕಿಟಕಿಯ ಪಕ್ಕದಲ್ಲಿ ನಿಂತು, ಊರಿನವರಿಗೆಲ್ಲ ಹೇಳುವಾಗ. ನನಗೆ ಅಂತ ಅದು ಬಂದದ್ದು ಅದೇ ಮೊದಲು. ಬೂತಿನ ಸ್ಟೂಲಿನ ಮೇಲೆ ಕೂತೆ. ನಿಜವಾಗಿಯೂ ಕೂತೆ. ಬೂತಿನವನು, "ಏನ್ ಟೀಚರೇ, ಯಾರಿಗಾದ್ರೂ ಸೀರಿಯಸ್ಸಾ?" ಅಂದ.

"ಇಲ್ಲ, ಬಸ್ಸು ಹತ್ತು ನಿಮಿಷ ತಡ."

"ಅಷ್ಟೇನಾ!" ಅಂದ. ಲೋಕದಲ್ಲಿ ಹೀಗೂ ಜನ ಇರುತ್ತಾರೆ.

ಸಂಜೆ ಮಗಳು ಬಂದು ಬ್ಯಾಗು ಎಸೆದು ಹೇಳಿದ ಕಥೆ ಇದು. ಬಸ್ಸು ನಮ್ಮೂರ ಪಕ್ಕದ ಬಸ್ತಿಹಳ್ಳಿ ದಾಟುತ್ತಲೇ ಪಂಕ್ಚರ್. ಅಂದರೆ ನಾನು ಬೂತಿನಲ್ಲಿ ಪ್ರಾಣ ಬಿಡುತ್ತಿದ್ದಾಗ ನನ್ನ ಮಗಳು ಕಾಲ್ನಡಿಗೆಯ ದೂರದಲ್ಲಿ ರಸ್ತೆ ಬದಿ ನಿಂತಿದ್ದಳು. ಆಟೋ ಮಾಡಿಕೊಂಡು ಹೊರಟಿದ್ದರೆ ಐದು ನಿಮಿಷಕ್ಕೆ ಸಿಗುತ್ತಿದ್ದಳು, ಎತ್ತಿಕೊಂಡು ಮನೆಗೆ ಬರುತ್ತಿದ್ದೆ, ಮತ್ತೆ ಆ ಬಸ್ಸನ್ನು ಅವಳು ಹತ್ತುತ್ತಿರಲಿಲ್ಲ.

"ಅಷ್ಟು ಹತ್ತಿರ ಇದ್ದೆ, ನಡ್ಕೊಂಡು ವಾಪಸ್ ಬರಬೋದಿತ್ತಲ್ಲೇ?" ಅಂದೆ. ಕೇಳಬಾರದೆಂಬ ನಿಯಮ ಅಲ್ಲಿಗೆ ಮುರಿದಿತ್ತು.

"ಯಾಕೆ ಬರ್ಲಿ? ಟೈರ್ ಹಾಕ್ತಿದ್ರಲ್ಲ. ಕಂಡಕ್ಟರ್ ಅಂಕಲ್ ಬೋಲ್ಟೆಲ್ಲ ನನ್ ಕೈಲೇ ಕೊಟ್ಟಿದ್ರು, ಕಳೀದಿರೋ ಹಾಗೆ ಇಟ್ಕೋ ಅಂತ." ಅಂಗೈ ತೋರಿಸಿದಳು. ಗ್ರೀಸು ಇನ್ನೂ ಹಾಗೇ ಇತ್ತು. ಹೊಟ್ಟೆಯ ಸುದ್ದಿ ಅವಳು ಎತ್ತಲಿಲ್ಲ. ನಾನು ನಾಲಿಗೆ ಕಚ್ಚಿಕೊಂಡು ಕೂತೆ.

ಆ ಕೋಣೆಯಲ್ಲಿ ಅವತ್ತು ನಡೆದದ್ದನ್ನು ಹೊಸ ಕಂಟ್ರೋಲರು ಎಷ್ಟೋ ದಿನದ ಮೇಲೆ ಹೇಳಿದ. ಫೋನಿಟ್ಟ ಮೇಲೆ ಅಪ್ಪ ಎದ್ದು ಕುರ್ಚಿಯನ್ನು ಪೂರ್ತಿ ತಿರುಗಿಸಿ, ಕಿಟಕಿಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕೂತನಂತೆ. "ನಾನು ಆಗ್ತಾನೆ ಒಳಗೆ ಬಂದೆ ಮೇಡಂ. ಏನ್ ಸಾರ್ ಅಂದ್ರೆ, ಟೈಮ್ ನೋಡಿ ಹೇಳಪ್ಪ, ಅರ್ಧ ಗಂಟೆ ಆದ್ಮೇಲೆ ಹೇಳು ಅಂದ್ರು. ಇಪ್ಪತ್ತೇಳು ನಿಮಿಷಕ್ಕೆ ಗಾಡಿ ಬಂತು. ಸದ್ದು ಕೇಳಿಸ್ತು ಅವ್ರಿಗೆ. ತಿರುಗ್ಲಿಲ್ಲ. ಪಾಪು ಇನ್ನೊಂದು ಹುಡುಗಿ ಜೊತೆ ನಕ್ಕೊಂಡು ಕಿಟಕಿ ಮುಂದೇನೇ ಹೋಯ್ತು. ನಾನೇ ಹೇಳ್ದೆ, ಬಂತು ಸಾರ್, ನಗ್ತಾ ಐತೆ ಅಂತ. ಆಗ್ಲೂ ತಿರುಗ್ಲಿಲ್ಲ. ಬಂದ್ ಟೈಮ್ ಬರ್ಕೋ ಅಂದ್ರು, ಅಷ್ಟೆ."

ಅವನ ಅವ್ವ ಮಲಗುತ್ತಿದ್ದ ಹಾಗೇ, ಗೋಡೆ ಕಡೆ ಮುಖ ಮಾಡಿ. ಆದರೆ ಯಾರನ್ನೂ ಬಾಗಿಲಿಗೆ ಕಳಿಸದೆ.

ಇಷ್ಟು ಬರೆದು ಇದನ್ನು ಇಲ್ಲಿಗೇ ನಿಲ್ಲಿಸಿದರೆ ಅಪ್ಪ ದೊಡ್ಡ ಮನುಷ್ಯನಾಗಿ ಉಳಿಯುತ್ತಾನೆ. ನಾನು ಸುಳ್ಳು ಬರೆಯಲಾರೆ. ಒಂಬತ್ತು ದಿನ ತಡೆದುಕೊಂಡ. ಹತ್ತನೆಯ ದಿನ ಶಾಲೆಯ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿಬಿದ್ದ. ಕೈಯಲ್ಲಿ ತನ್ನದೇ ಪಿಂಚಣಿ ಪುಸ್ತಕದ ಆರು ಜೆರಾಕ್ಸು. "ತಾತಾ, ನಂಗಾಗ್ಲಿಲ್ಲ. ನಿಂಗಾಯ್ತಾ?" ಅಂದಳಂತೆ ಮಗಳು. ನಾನಂತೂ ಮೂರನೆಯ ದಿನವೇ ಎದುರು ಬಸ್ಸಿನ ಡ್ರೈವರಿಗೆ ಕೈ ಅಡ್ಡ ಹಾಕಿ, ಏನು ಕೇಳಬೇಕೆಂದು ಬಾಯಿ ತೆರೆದು, "ಟೈಮ್ ಎಷ್ಟು?" ಎಂದು ಕೇಳಿ ವಾಪಸ್ಸಾಗಿದ್ದೆ. ಮಗಳ ಹೊಟ್ಟೆಯೂ ಪೂರ್ತಿ ಸರಿಹೋಯಿತು ಅನ್ನಲಾರೆ. ಪರೀಕ್ಷೆ ಬಂದರೆ ಇವತ್ತಿಗೂ ಒಮ್ಮೆ ಮುರಿಯುತ್ತದೆ. ಆದರೆ ದಸರಾ ರಜ ಕಳೆಯಿತು, ಅವಳು ಅದೇ ಶಾಲೆಯಲ್ಲಿದ್ದಳು, ಮೊಣಕಾಲು ತರಚಿಕೊಂಡು ಖೋ ಖೋ ಆಡುತ್ತಿದ್ದಳು. ತರಚಿದ ಮೊಣಕಾಲಿನ ಬಗ್ಗೆ ನಾನು, ಅಪ್ಪ ಪಟ್ಟ ಪಾಡು ಬೇರೆ.

ಅಪ್ಪ ತೀರಿಕೊಂಡಾಗ ಮಗಳು ಅರಸೀಕೆರೆಯಲ್ಲಿದ್ದಳು, ಪಿಯುಸಿ ಓದುತ್ತಾ, ಹಾಸ್ಟೆಲ್ಲಿನಲ್ಲಿ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವನು ಹಾಗೇ ಒರಗಿಕೊಂಡನಂತೆ. ಸುದ್ದಿ ಮುಟ್ಟಿಸಿದೆವು, ಹೊರಟೆ ಅಂದಳು. ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ನೆಂಟರೊಬ್ಬರು ಕತ್ತನ್ನು ನೇರ ಮಾಡಲು ನೋಡಿದರು. ಬಿಟ್ಟರೆ ಮತ್ತೆ ಎಡಕ್ಕೆ. ಎಡಕ್ಕೆ ಬಾಗಿಲಿತ್ತು. "ಇರ್ಲಿ ಬಿಡಿ" ಅಂದಳು ಅಮ್ಮ.

ಹತ್ತೂವರೆಗೆ ಬರಬೇಕಿದ್ದ ಬಸ್ಸು ಹನ್ನೊಂದಾದರೂ ಬಂದಿರಲಿಲ್ಲ. ಜನ ಶುರುಮಾಡಿದರು. "ಹುಡುಗಿ ಎಲ್ಲಿದಾಳೆ ಕೇಳಿ", "ಹೊತ್ತಾಗ್ತದೆ", "ಒಬ್ಬಳೇ ಹೊರಟಿದಾಳಾ? ಫೋನ್ ಮಾಡ್ರೀ". ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿತ್ತು. ನನ್ನ ಕೈಯಲ್ಲೂ ಇತ್ತು, ಅವಳ ನಂಬರೂ ಒತ್ತಿಯಾಗಿತ್ತು, ಹಸಿರು ಗುಂಡಿಯ ಮೇಲೆ ಹೆಬ್ಬೆರಳು. ಅಪ್ಪನ ಕಡೆ ನೋಡಿದೆ. ಅವನು ಬಾಗಿಲ ಕಡೆ ನೋಡುತ್ತಿದ್ದ, ಕಣ್ಣು ಮುಚ್ಚಿಕೊಂಡು.

"ಬಸ್ಸು ಬರುತ್ತೆ" ಅಂದೆ. "ಕೂತ್ಕೊಳ್ಳಿ."

ಹೇಗೆ ಬಂತೋ ಆ ದನಿ, ಎಲ್ಲರೂ ಕೂತರು. ನಾನು ಬೀದಿಗೆ ಬೆನ್ನು ಮಾಡಿ ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತೆ. ಎರಡು ತಿಂಗಳು ಹಿಂದಿನ ಹಾಳೆ, ಯಾರೂ ಹರಿದಿರಲಿಲ್ಲ. ಬೆವರಿಗೆ ಮೊಬೈಲು ಜಾರುತ್ತಿತ್ತು.

ಬೀದಿಯಲ್ಲಿ ಚಪ್ಪಲಿ ಸದ್ದಾಯಿತು, ಓಡುವ ಸದ್ದು. ಹೊಸ್ತಿಲಲ್ಲಿ ಮಗಳು ನಿಂತಿದ್ದಳು, ಕೆದರಿದ ತಲೆ, ಕೆಂಪಾದ ಕಣ್ಣು. ಮನೆತುಂಬ ಜನ ನಮ್ಮಿಬ್ಬರನ್ನೇ ನೋಡುತ್ತಿದ್ದರು. ಅವಳನ್ನು ಅಪ್ಪಿಕೊಂಡು ಅಳಬೇಕು, ತಾತ ಹೋಗ್ಬಿಟ್ರು ಕಣೇ ಅನ್ನಬೇಕು. ನನ್ನ ಬಾಯಿಂದ ಬಂದದ್ದು ಇಷ್ಟು:

"ವಾಂತಿ ಆಯ್ತಾ?"

ಅವಳು ನನ್ನನ್ನು ದಾಟಿ ಹೋಗಿ, ಬಾಗಿಲ ಕಡೆ ವಾಲಿದ ಆ ಮುಖದ ಪಕ್ಕದಲ್ಲಿ ಮಂಡಿಯೂರಿ ಕೂತು, ಅಳುತ್ತಾ, ನಗುತ್ತಾ ಅಂದಳು:

"ನೋಡು ತಾತಾ, ಕೇಳೇಬಿಟ್ಲು."